587: ನಮ್ಮ ಅಂಚೆಯೂ ಮಿಂಚಂಚೆಯೂ

ಕಳೆದ ತಿಂಗಳು ನನ್ನ ಮೇಜಿನ ಮೇಲಿನ ಹಳೆಯ ಗಣಕಯಂತ್ರವು ಕೊನೆಯುಸಿರೆಳೆಯಿತು. ಮಕ್ಕಳು ಹೊಸದೊಂದನ್ನು ಕಳಿಸಿಕೊಟ್ಟರು. ಅದರಲ್ಲಿ ಥಂಡರ್‌ಬರ್ಡ್ ಎಂಬ ಅಂಚೆ ತಂತ್ರಾಂಶವನ್ನು ಸ್ಥಾಪಿಸಿ, ಜಾಲತಾಣದಲ್ಲಿರುವ ನನ್ನ ಮಿಂಚಂಚೆಯ ಖಾತೆಯನ್ನು ಅದಕ್ಕೆ ಜೋಡಿಸುವ ಕೆಲಸಕ್ಕೆ ಒಂದು ಭಾನುವಾರ ಬೆಳಿಗ್ಗೆ ನಾನೇ ಕುಳಿತೆ. "ಎಲ್ಲರೂ ಮೊಬೈಲಿನ್ಯಾಗ ಓದತಾರ, ನಿಮಗ್ಯಾಕ ಈ ಉಸಾಬರಿ?" ಎಂದು ಮನೆಯಲ್ಲಿ ಕೇಳಿದರು. ಉಸಾಬರಿಗೆ ಕಾರಣವಿದೆ, ಅದನ್ನು ಮುಂದೆ ಹೇಳುತ್ತೇನೆ.

ಹೆಸರು, ವಿಳಾಸ, ಗುಪ್ತಪದ ಇವುಗಳನ್ನು ತುಂಬಿದ ಮೇಲೆ ತಂತ್ರಾಂಶವು ಎರಡು ಸರ್ವರುಗಳ ವಿವರಗಳನ್ನು ತೆರೆದು ತೋರಿಸಿತು. ಒಳಬರುವ ಅಂಚೆಗೆ ಒಂದು, ಅದರ ಮುಂದೆ 993 ಎಂಬ ಸಂಖ್ಯೆ. ಹೊರಹೋಗುವ ಅಂಚೆಗೆ ಇನ್ನೊಂದು, ಅದರ ಮುಂದೆ 587. ಈ ಸಂಖ್ಯೆಯನ್ನು ನಾನು ಮೊದಲೂ ಕಂಡಿರಲೇಬೇಕು. ಆದರೆ ಕಣ್ಣಿಗೆ ಬಿದ್ದದ್ದು ಅಂದೇ. 587! ಬಾಗಲಕೋಟೆ 587101, ಬಾದಾಮಿ 587201, ಹುನಗುಂದ 587118, ಇಳಕಲ್ 587125. ನನ್ನ ಕೈಬರಹದಲ್ಲಿ ಸಾವಿರಾರು ಸಲ ಮೂಡಿದ ಮೂರು ಅಂಕಿಗಳು, ಜಗತ್ತಿನ ಯಾವ ಮೂಲೆಯ ಮನುಷ್ಯನೇ ಆಗಲಿ ತನ್ನ ಪತ್ರವನ್ನು ಗಣಕದಿಂದ ಹೊರಕ್ಕೆ ಹಾಕುವ ಬಾಗಿಲಿನ ಮೇಲೆ ಬರೆದು ಕುಳಿತಿವೆ! ಇದು ಶುದ್ಧ ಕಾಕತಾಳೀಯವೆಂಬುದು ನನಗೂ ಗೊತ್ತು. ಆದರೆ ಇತಿಹಾಸದ ಮೇಷ್ಟರಿಗೆ ಕಾಕತಾಳೀಯವೊಂದು ಸಿಕ್ಕರೆ ಅದರ ಎರಡು ತುದಿಗಳನ್ನೂ ಹಿಡಿದು ಎಳೆಯದೆ ಸಮಾಧಾನವಿಲ್ಲ.

ಮೊದಲ ತುದಿಯನ್ನು ಹಿಡಿಯೋಣ. ಪಿನ್ ಸಂಖ್ಯೆಯು ಭಾರತದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಇದರ ರೂವಾರಿ ಅಂಚೆ ಇಲಾಖೆಯ ಹಿರಿಯ ಅಧಿಕಾರಿಗಳಾಗಿದ್ದ ಶ್ರೀರಾಮ ಭಿಕಾಜಿ ವೇಲಣಕರ್ ಅವರು. ಸಂಸ್ಕೃತ ವಿದ್ವಾಂಸರೂ ಕವಿಗಳೂ ಆಗಿದ್ದವರು. ಒಂದೇ ಹೆಸರಿನ ಹತ್ತಾರು ಊರುಗಳು, ಒಂದೊಂದು ವಿಳಾಸ ಒಂದೊಂದು ಲಿಪಿಯಲ್ಲಿ. ಇವುಗಳ ನಡುವೆ ಪತ್ರಗಳನ್ನು ವಿಂಗಡಿಸುವವರ ಪಾಡು ಏನಾಗಿರಬೇಕು? ಲಿಪಿ ಯಾವುದಾದರೂ ಇರಲಿ, ಆರು ಅಂಕಿಗಳು ಪತ್ರವನ್ನು ಸರಿಯಾದ ಚೀಲಕ್ಕೆ ಹಾಕಿಸುತ್ತವೆ ಎಂಬುದು ಅವರ ಯೋಜನೆಯ ತಿರುಳು. ಮೊದಲ ಅಂಕಿ ವಲಯವನ್ನು ಸೂಚಿಸುತ್ತದೆ. 5 ಎಂದರೆ ಆಂಧ್ರ ಮತ್ತು ನಮ್ಮ ರಾಜ್ಯ, ಈಗ ತೆಲಂಗಾಣವೂ ಸೇರಿ. ಎರಡನೆಯದು ಉಪವಲಯ, ಮೂರನೆಯದು ವಿಂಗಡಣೆಯ ಜಿಲ್ಲೆ, ಉಳಿದ ಮೂರು ಅಂಚೆ ಕಚೇರಿ. ಆಗ ನಮ್ಮ ರಾಜ್ಯಕ್ಕೆ ಇನ್ನೂ ಕರ್ನಾಟಕವೆಂಬ ಹೆಸರು ಬಂದಿರಲಿಲ್ಲ. ಅದು 1973ರ ನವೆಂಬರ್ 1ರಂದು ಬಂದಿತು. ನಮ್ಮ ಊರುಗಳು ಆಗ ಬಿಜಾಪುರ ಜಿಲ್ಲೆಯಲ್ಲಿದ್ದವು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಾನು ಆಗ ಹೈಸ್ಕೂಲಿನ ಹುಡುಗ. ಕಾರ್ಡಿನ ಮೇಲೆ ಆರು ಅಂಕಿ ಬರೆಯುವುದನ್ನು ನಮ್ಮ ಗುರುಗಳು ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದರು. ನಾನು ಗುರುವಾದ ಮೇಲೆ ನಿಮಗೂ ಅದನ್ನೇ ಮಾಡಿಸಿದೆ. ಪತ್ರಲೇಖನದ ಪ್ರಶ್ನೆಯಲ್ಲಿ ಪಿನ್ ಬರೆಯದವರಿಗೆ ಅರ್ಧ ಅಂಕ ಕಳೆಯುತ್ತಿದ್ದುದನ್ನು ಕೆಲವರಾದರೂ ಮರೆತಿರಲಾರಿರಿ.

ಆಲಮಟ್ಟಿಯ ಹಿನ್ನೀರು ಘಟಪ್ರಭೆಯ ದಂಡೆಯನ್ನೇರಿ ಹಳೆಯ ಬಾಗಲಕೋಟೆಯ ಮನೆಗಳನ್ನು ಮುಳುಗಿಸತೊಡಗಿದಾಗ ಈ ಅಂಕಿಗಳ ಬೆಲೆ ಇನ್ನೊಂದು ರೀತಿಯಲ್ಲಿ ತಿಳಿಯಿತು. ಊರಿನ ಅರ್ಧದಷ್ಟು ಬಂಧುಬಳಗ ನವನಗರಕ್ಕೆ ಬಂದಿತು. ಓಣಿಯ ಹೆಸರು ಹೋಗಿ ಸೆಕ್ಟರ್ ಸಂಖ್ಯೆ ಬಂದಿತು, 587101 ಹೋಗಿ 587103 ಬಂದಿತು. ಹಳೆಯ ವಿಳಾಸಕ್ಕೆ ಬಂದ ಪತ್ರಗಳನ್ನು ನಮ್ಮ ಅಂಚೆಯಣ್ಣಂದಿರು ಎಷ್ಟೋ ದಿನ ನೆನಪಿನ ಬಲದಿಂದಲೇ ಹೊಸ ಮನೆಗೆ ತಲುಪಿಸಿದರು. ಮುಳುಗಿದ ಮನೆಗೆ ಬಂದ ಪತ್ರವನ್ನು ಎಲ್ಲಿಗೆ ಒಯ್ಯಬೇಕೆಂದು ಯಂತ್ರಕ್ಕೆ ಗೊತ್ತಿರುವುದಿಲ್ಲ.

ಇನ್ನು ಎರಡನೆಯ ತುದಿ. ಒಂದು ಗಣಕದಿಂದ ಇನ್ನೊಂದು ಗಣಕಕ್ಕೆ ಜಾಲದ ಮೂಲಕ ಮೊದಲ ಪತ್ರವನ್ನು ಕಳಿಸಿದವರು ರೇ ಟಾಮ್ಲಿನ್ಸನ್. ವರ್ಷ 1971, ಸ್ಥಳ ಅಮೆರಿಕದ ಕೇಂಬ್ರಿಜ್ ಪಟ್ಟಣ. ಆ ಎರಡು ಯಂತ್ರಗಳು ಅಕ್ಕಪಕ್ಕದಲ್ಲೇ ಇದ್ದವು. ಆ ಪತ್ರದಲ್ಲಿ ಏನು ಬರೆದಿದ್ದೆನೆಂಬುದು ಅವರಿಗೇ ಸರಿಯಾಗಿ ನೆನಪಿರಲಿಲ್ಲ. ಹೆಸರಿಗೂ ಯಂತ್ರಕ್ಕೂ ನಡುವೆ ಅಟ್ ಎಂಬ ಸುರುಳಿ ಚಿಹ್ನೆಯನ್ನು ಇಟ್ಟವರು ಅವರೇ. ಮುಂದೆ 1982ರಲ್ಲಿ ಜಾನ್ ಪೋಸ್ಟೆಲ್ ಅವರು ಎಸ್‌ಎಂಟಿಪಿ ಎಂಬ ಅಂಚೆಯ ನಿಯಮಾವಳಿಯನ್ನು ಬರೆದರು. ಅದರ ಬಾಗಿಲ ಸಂಖ್ಯೆ 25. ಒಂದು ಗಣಕದಲ್ಲಿ ಒಂದೊಂದು ಬಗೆಯ ಕೆಲಸಕ್ಕೆ ಒಂದೊಂದು ಬಾಗಿಲು. ಅಂಥ ಬಾಗಿಲುಗಳ ಸಂಖ್ಯೆ 65,535ರವರೆಗೂ ಹೋಗುತ್ತದೆ.

ಎಸ್‌ಎಂಟಿಪಿಗೆ ಒಂದು ಮಿತಿಯಿದೆ. ಅದು ಪತ್ರವನ್ನು ಮನೆಬಾಗಿಲಿಗೆ ಒಯ್ಯುತ್ತದೆ. ಆದರೆ ಮನೆಯವರು ಎಚ್ಚರವಿರಬೇಕು. ದೊಡ್ಡ ಸಂಸ್ಥೆಗಳ ಯಂತ್ರಗಳು ಹಗಲಿರುಳು ಎಚ್ಚರವಿರುತ್ತಿದ್ದವು. ಮೇಜಿನ ಮೇಲಿನ ಸಣ್ಣ ಯಂತ್ರವು ಸಂಜೆಗೆ ಮಲಗಿಬಿಡುತ್ತಿತ್ತು. ಇದಕ್ಕೆ ಪರಿಹಾರವಾಗಿ 1984ರಲ್ಲಿ ಬಂದ ಪದ್ಧತಿಗೆ ಇಟ್ಟ ಹೆಸರೇ 'ಅಂಚೆ ಕಚೇರಿಯ ನಿಯಮಾವಳಿ'. ಇಂಗ್ಲಿಷಿನ ಮೊದಲಕ್ಷರಗಳಿಂದ ಅದು ಪಾಪ್ ಆಯಿತು. ಅಂಚೆಯವನು ಬರದ ಹಳ್ಳಿಯ ರೈತನು ಸಂತೆಯ ದಿನ ಅಂಚೆ ಕಚೇರಿಗೆ ಹೋಗಿ, ತನ್ನ ಹೆಸರಿಗೆ ಬಂದ ಪತ್ರಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಊರಿಗೆ ಮರಳುತ್ತಾನಲ್ಲ, ಅದೇ ಕ್ರಮ. ಚೀಲಕ್ಕೆ ಹಾಕಿಕೊಂಡ ಮೇಲೆ ಕಚೇರಿಯಲ್ಲಿ ಏನೂ ಉಳಿಯುವುದಿಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಎರಡು ವರ್ಷಗಳ ತರುವಾಯ, 1986ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಕ್ರಿಸ್ಪಿನ್ ಎಂಬವರು ಐಮ್ಯಾಪ್ ಎಂಬ ಇನ್ನೊಂದು ಕ್ರಮವನ್ನು ರಚಿಸಿದರು. ಅದರಲ್ಲಿ ಪತ್ರಗಳು ಕಚೇರಿಯಲ್ಲಿಯೇ ಇರುತ್ತವೆ. ನಾವು ಎಲ್ಲಿಂದ ಹೋದರೂ ಅದೇ ಕಪಾಟನ್ನು ತೆರೆದು ಓದುತ್ತೇವೆ.

ಮೇಜಿನ ಮೇಲಿನ ಅಂಚೆ ತಂತ್ರಾಂಶಗಳಲ್ಲಿ ಹೆಸರುವಾಸಿಯಾದ ಯುಡೋರಾವನ್ನು ಇಲಿನಾಯ್ ವಿಶ್ವವಿದ್ಯಾಲಯದ ಸ್ಟೀವ್ ಡಾರ್ನರ್ 1988ರಲ್ಲಿ ಬರೆದರು. ಯುಡೋರಾ ವೆಲ್ಟಿ ಎಂಬ ಲೇಖಕಿಯ ಕಥೆಯೊಂದರ ನಾಯಕಿ ಮನೆಯವರೊಡನೆ ಜಗಳವಾಡಿ ಅಂಚೆ ಕಚೇರಿಯಲ್ಲಿಯೇ ವಾಸಿಸತೊಡಗುತ್ತಾಳೆ. ಆ ಲೇಖಕಿಯ ಹೆಸರನ್ನೇ ತಂತ್ರಾಂಶಕ್ಕೆ ಇಟ್ಟರು. ಯಂತ್ರಗಳನ್ನು ಕಟ್ಟುವವರಲ್ಲಿಯೂ ಕಥೆ ಓದುವವರು ಇದ್ದಾರೆಂಬುದು ಭಾಷಾ ಶಿಕ್ಷಕರಿಗೆ ಸಮಾಧಾನದ ಸಂಗತಿ.

587ರ ಬಾಗಿಲು ತೆರೆದದ್ದು 1998ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ 25ನೆಯ ಬಾಗಿಲಿನಲ್ಲಿ ನೂಕುನುಗ್ಗಲು. ಯಾರು ಬೇಕಾದರೂ ಯಾರ ಹೆಸರಿನಲ್ಲಿ ಬೇಕಾದರೂ ಪತ್ರ ತಂದು ಸುರಿಯಬಹುದಾಗಿದ್ದರಿಂದ ಕಸದ ಪತ್ರಗಳ ಹಾವಳಿ ಮಿತಿಮೀರಿತ್ತು. ಅಂಚೆ ಕಚೇರಿಗಳು ತಮ್ಮತಮ್ಮೊಳಗೆ ಚೀಲ ಬದಲಿಸಿಕೊಳ್ಳಲು ಒಂದು ಬಾಗಿಲು, ಸಾಮಾನ್ಯ ಗಿರಾಕಿಯು ತನ್ನ ಗುರುತು ತೋರಿಸಿ ಪತ್ರ ಕೊಡಲು ಬೇರೊಂದು ಬಾಗಿಲು ಇರಲೆಂದು ನಿರ್ಣಯವಾಗಿ, ಗಿರಾಕಿಯ ಬಾಗಿಲಿಗೆ 587 ಎಂದು ಹೆಸರಿಟ್ಟರು. 2018ರ ಜನವರಿಯಲ್ಲಿ, ಆರಂಭದಿಂದಲೇ ಗೂಢಲಿಪಿಯಲ್ಲಿ ಮಾತನಾಡುವ 465ನೆಯ ಬಾಗಿಲನ್ನು ಬಳಸುವುದು ಮೇಲೆಂದು ಹೊಸ ಶಿಫಾರಸು ಬಂದಿತು. ಆದರೂ 587 ಮುಚ್ಚಿಲ್ಲ.

ಇಷ್ಟೆಲ್ಲ ಅಲ್ಲಿ ನಡೆಯುತ್ತಿದ್ದಾಗ ಇಲ್ಲಿ ಏನು? ನಮ್ಮ ದೇಶದಲ್ಲಿ 1986ರಲ್ಲಿ ಅರ್ನೆಟ್ ಎಂಬ ಶೈಕ್ಷಣಿಕ ಜಾಲವು ಆರಂಭವಾಯಿತು. ಅದರ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಅಂತರಜಾಲವನ್ನು ವಿಎಸ್‌ಎನ್‌ಎಲ್ ಸಂಸ್ಥೆಯು ತೆರೆದದ್ದು 1995ರ ಆಗಸ್ಟ್ 15ರಂದು. ಪಿನ್ ಸಂಖ್ಯೆಯ ಹುಟ್ಟುಹಬ್ಬವೂ ಅದೇ ದಿನ, 23 ವರ್ಷ ಮೊದಲು. ಮರುವರ್ಷ ಜುಲೈ 4ರಂದು ಹಾಟ್‌ಮೇಲ್ ಬಂದಿತು. ಅದನ್ನು ಜ್ಯಾಕ್ ಸ್ಮಿತ್ ಅವರೊಡನೆ ಕಟ್ಟಿದ ಸಬೀರ್ ಭಾಟಿಯಾ ಬೆಂಗಳೂರಿನ ಸೇಂಟ್ ಜೋಸೆಫ್ ಶಾಲೆಯಲ್ಲಿ ಓದಿದವರು. ಯಾವುದೇ ಗಣಕದ ಮುಂದೆ ಕುಳಿತು, ಜಾಲತಾಣವೊಂದನ್ನು ತೆರೆದು, ಬಿಟ್ಟಿಯಾಗಿ ಪತ್ರ ಓದುವ ಅನುಕೂಲವನ್ನು ಅದು ತಂದಿತು. 1997ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು. ಸ್ವಂತ ಗಣಕವಿಲ್ಲದ ನಮ್ಮಂಥವರಿಗೆ ಮಿಂಚಂಚೆ ಎಂದರೆ ಇಂಥ ಜಾಲಂಚೆಯೇ ಆಗಿತ್ತು. ಇಳಕಲ್ಲಿನ ಸೈಬರ್ ಕೆಫೆಯೊಂದರಲ್ಲಿ 2001ರಲ್ಲಿ ನಾನು ಮೊದಲ ಖಾತೆ ತೆರೆದಾಗ, ಪಕ್ಕದ ಮಗ್ಗದ ಮನೆಯಿಂದ ಲಟಲಟ ಸದ್ದು, ಒಳಗೆ ಮೋಡೆಮಿನ ಕೀಚಲು. ಎರಡರ ನಡುವೆ ಕುಳಿತು, ನನ್ನ ಹೆಸರಿನ ಸ್ಪೆಲ್ಲಿಂಗನ್ನು ಒಂದೊಂದೇ ಅಕ್ಷರವಾಗಿ ಹುಡುಕಿ ಒತ್ತಿದೆ.

ದೂರವಾಣಿಯ ತಂತಿಯ ಮೇಲೆ ಜಾಲ ಬರುತ್ತಿದ್ದ ಕಾಲದ ಕಷ್ಟವನ್ನು ಈಗಿನವರಿಗೆ ತಿಳಿಸಿ ಹೇಳುವುದು ಕಠಿಣ. ಪ್ರತಿ ನಿಮಿಷಕ್ಕೂ ಮೀಟರು ಓಡುತ್ತಿತ್ತು. ಆ ಹೊತ್ತಿನಲ್ಲಿ ಮನೆಗೆ ಬೇರೆ ಕರೆ ಬರುತ್ತಿರಲಿಲ್ಲ. ನಡುವೆ ಕರೆಂಟು ಹೋದರೆ ಬರೆದದ್ದೆಲ್ಲ ಮಣ್ಣುಪಾಲು. ಮೇಜಿನ ಮೇಲಿನ ಅಂಚೆ ತಂತ್ರಾಂಶದ ಬೆಲೆ ಅರಿವಾಗುತ್ತಿದ್ದುದು ಅಂಥಲ್ಲಿ. ತಂತಿಯನ್ನು ಜೋಡಿಸು, ಬಂದ ಪತ್ರಗಳನ್ನೆಲ್ಲ ಇಳಿಸಿಕೋ, ತಂತಿಯನ್ನು ಕಳಚು. ಆಮೇಲೆ ಸಾವಧಾನವಾಗಿ ಓದು, ಉತ್ತರ ಬರೆ, 'ಔಟ್‌ಬಾಕ್ಸ್' ಎಂಬ ಡಬ್ಬಿಯಲ್ಲಿ ಇಡು. ರಾತ್ರಿ ಮತ್ತೆ ಎರಡು ನಿಮಿಷ ಜೋಡಿಸಿ ಎಲ್ಲವನ್ನೂ ಒಮ್ಮೆಲೇ ಕಳಿಸು. ವಿಂಡೋಸ್ ಜೊತೆಗೇ ಬರುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ಈ ಕೆಲಸವನ್ನು ಮಾಡುತ್ತಿತ್ತು. ಇನ್ನೊಂದು ಕಾರಣ ಜಾಗದ ಅಭಾವ. ಆಗ ಹಾಟ್‌ಮೇಲ್ ಕೊಡುತ್ತಿದ್ದುದು 2 ಮೆಗಾಬೈಟ್, ಯಾಹೂ 4 ಮೆಗಾಬೈಟ್. ಮೊಮ್ಮಗನ ನಾಮಕರಣದ ನಾಲ್ಕು ಚಿತ್ರಗಳು ಬಂದರೆ ಡಬ್ಬಿ ತುಂಬಿ, ಮುಂದಿನ ಪತ್ರಗಳು ಬಾಗಿಲಿನಿಂದಲೇ ಹಿಂದಿರುಗುತ್ತಿದ್ದವು.

ಜಾಲಂಚೆಯನ್ನು ಮೇಜಿನ ತಂತ್ರಾಂಶಕ್ಕೆ ಜೋಡಿಸುವುದನ್ನು ನೆನೆದಾಗಲೆಲ್ಲ ನನಗೆ ಇಳಕಲ್ ಸೀರೆ ನೆನಪಾಗುತ್ತದೆ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಂದೊಂದೇ ಎಳೆಯನ್ನು ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ಕೊಂಡಿ ಗಟ್ಟಿಯಿದ್ದರೆ ಸೀರೆ ಮುಂದೆ ಸಾಗುತ್ತದೆ. ಗಣಕದ ಕನ್ನಡದಲ್ಲಿಯೂ ಲಿಂಕಿಗೆ ಕೊಂಡಿ ಎಂದೇ ಹೆಸರು ಬಿದ್ದಿರುವುದು ಔಚಿತ್ಯಪೂರ್ಣವಾಗಿದೆ. ಆದರೆ ಈ ಕೊಂಡಿಯನ್ನು ಹಾಕಲು ಜಾಲಂಚೆಯ ಒಡೆಯರಿಗೆ ಮನಸ್ಸಿರಲಿಲ್ಲ. ಕಾರಣ ಸರಳ. ಅವರ ಆದಾಯವೆಲ್ಲ ಜಾಲಪುಟದ ಮೇಲಿನ ಜಾಹೀರಾತಿನಿಂದ. ಗಿರಾಕಿಯು ಪತ್ರಗಳನ್ನು ತನ್ನ ಮೇಜಿಗೆ ಒಯ್ದರೆ ಜಾಹೀರಾತು ನೋಡುವವರಾರು? ಯಾಹೂ ತನ್ನ ಉಚಿತ ಪಾಪ್ ಸೌಲಭ್ಯವನ್ನು 2002ರ ಏಪ್ರಿಲಿನಲ್ಲಿ ನಿಲ್ಲಿಸಿತು. ಹಾಟ್‌ಮೇಲ್ ಖಾತೆಯನ್ನು ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ತೆರೆಯುವ ಅನುಕೂಲಕ್ಕೂ 2004ರ ಸೆಪ್ಟೆಂಬರಿನಿಂದ ಹಣ ಕೇಳತೊಡಗಿದರು. ಇದಕ್ಕೆ ವಿರುದ್ಧವಾಗಿ ನಡೆದದ್ದು ಜಿಮೇಲ್. 2004ರ ಏಪ್ರಿಲ್ 1ರಂದು 1 ಗಿಗಾಬೈಟ್ ಜಾಗ ಕೊಡುವೆವೆಂದಾಗ ಅನೇಕರು ಅದನ್ನು ಏಪ್ರಿಲ್ ಮೊದಲ ದಿನದ ಹಾಸ್ಯವೆಂದೇ ತಿಳಿದರು. ಅದೇ ನವೆಂಬರಿನಲ್ಲಿ ಪಾಪ್ ಸೌಲಭ್ಯವನ್ನೂ 2007ರ ಅಕ್ಟೋಬರಿನಲ್ಲಿ ಐಮ್ಯಾಪ್ ಸೌಲಭ್ಯವನ್ನೂ ಜಿಮೇಲ್ ಉಚಿತವಾಗಿಯೇ ಕೊಟ್ಟಿತು.

ಕನ್ನಡದ ಮಾತು ಬೇರೆಯೇ ಒಂದು ಪುರಾಣ. ಪೋಸ್ಟೆಲ್ ಅವರ ನಿಯಮಾವಳಿ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಹೊರಬಲ್ಲ ಸಣ್ಣ ಬಂಡಿ. ಬೇರೆ ಲಿಪಿಗಳನ್ನೂ ಚಿತ್ರಗಳನ್ನೂ ಆ ಬಂಡಿಯಲ್ಲಿಯೇ ಮಡಿಚಿಟ್ಟು ಸಾಗಿಸುವ ಉಪಾಯವನ್ನು 1992ರಲ್ಲಿ ನಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಕಂಡುಹಿಡಿದರು. ಅದಕ್ಕೆ ಮೈಮ್ ಎಂದು ಹೆಸರು. ಪತ್ರದ ತಲೆಯ ಮೇಲೆ 'ಒಳಗಿರುವ ಲಿಪಿ ಇಂಥದು' ಎಂಬ ಚೀಟಿ ಅಂಟಿಸುವ ಕ್ರಮವದು. ಆದರೆ ಚೀಟಿಯಲ್ಲಿ ಬರೆಯಲು ನಮ್ಮ ಲಿಪಿಗೆ ಸರ್ವಸಮ್ಮತವಾದ ಸಂಕೇತ ಬೇಕಲ್ಲವೇ? ಯೂನಿಕೋಡಿನಲ್ಲಿ 1991ರಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಓಣಿ ದೊರೆತಿತ್ತು. ಅದನ್ನು ಅರಿಯಬಲ್ಲ ಯಂತ್ರಗಳು ನಮ್ಮ ಕೈಗೆ ಬಂದದ್ದು ದಶಕದ ಮೇಲೆ, 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ. ಅಲ್ಲಿಯವರೆಗೆ ನಾವು ಬಳಸಿದ್ದು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ'ವನ್ನು, ಕನ್ನಡ ಗಣಕ ಪರಿಷತ್ತಿನ 'ನುಡಿ'ಯನ್ನು. ಇವುಗಳ ಹಳೆಯ ಅಕ್ಷರಗಳು ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಮುಖವಾಡ ತೊಡಿಸಿದಂಥವು. ಪಡೆದವನ ಯಂತ್ರದಲ್ಲಿ ಅದೇ ಮುಖವಾಡವಿದ್ದರೆ ಕನ್ನಡ. ಇಲ್ಲದಿದ್ದರೆ ಪಿಶಾಚ ಭಾಷೆ. "ಸರ್, ನಿಮ್ಮ ಪತ್ರ ಬಂದೈತ್ರಿ, ಆದ್ರ ಏನ್ ಬರದೀರಿ ಅಂತ ದೇವರಿಗೂ ತಿಳಿಯವಲ್ದು" ಎಂದು ಪುಣೆಯಿಂದ ಶಿಷ್ಯನೊಬ್ಬ ಕರೆ ಮಾಡಿ ಹೇಳಿದ್ದ.

ಯೂನಿಕೋಡ್ ಬಂದ ಮೇಲೂ ಕಷ್ಟ ತೀರಲಿಲ್ಲ. ಎಕ್ಸ್‌ಪಿಯಲ್ಲಿ ಭಾರತೀಯ ಲಿಪಿಗಳ ಕಡತಗಳನ್ನು ಪ್ರತ್ಯೇಕವಾಗಿ ಸ್ಥಾಪಿಸಬೇಕಿತ್ತು. ಅದಕ್ಕೆ ಮೂಲ ಸಿಡಿ ಬೇಕು. ಸಿಡಿ ಯಾರ ಬಳಿಯೂ ಇರುತ್ತಿರಲಿಲ್ಲ. ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಪತ್ರ ಕಳಿಸುವ ಮೊದಲು 'ಎನ್‌ಕೋಡಿಂಗ್' ಎಂಬಲ್ಲಿ ಹೋಗಿ ಯುಟಿಎಫ್-8 ಎಂಬುದನ್ನು ಆರಿಸಬೇಕು. ಮರೆತರೆ ಆ ಕಡೆ ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. 'ಬಾಗಲಕೋಟೆ' ಎಂದು ಬರೆಯಲು ಕಾಗುಣಿತ ಸೇರಿ ಎಂಟು ಸಂಕೇತ, 24 ಬೈಟ್. ಅದನ್ನು ಹಳೆಯ ಬಂಡಿಯಲ್ಲಿ ಸಾಗಿಸಲು ಒಂದು ಬಗೆಯಲ್ಲಿ ಮಡಿಚಿದರೆ ಪ್ರತಿ ಬೈಟಿಗೆ ಮೂರು ಅಕ್ಷರದಂತೆ 72 ಅಕ್ಷರ. ನಮ್ಮ ಊರಿನ ಹೆಸರು ಅಷ್ಟುದ್ದ ಹಿಗ್ಗಿ, ಸಾಗರ ದಾಟಿ, ಮತ್ತೆ ಮಡಿಕೆ ಬಿಚ್ಚಿಕೊಂಡು ಐದೇ ಅಕ್ಷರವಾಗಿ ನಿಲ್ಲುತ್ತಿತ್ತು.

ಈಗ ಉಸಾಬರಿಯ ಕಾರಣವನ್ನು ಹೇಳುತ್ತೇನೆ.

ನನ್ನೊಡನೆ ಹಲವು ವರ್ಷ ಕೆಲಸ ಮಾಡಿದ ಗಣಿತದ ಮಾಸ್ತರರು, ನನಗಿಂತ ಬಹಳ ಹಿರಿಯರು, ನಿವೃತ್ತರಾಗಿ ಮಗಳ ಬಳಿ ಅಮೆರಿಕಕ್ಕೆ ಹೋದರು. ಹೆಸರು ಬರೆಯುವುದಿಲ್ಲ, ಅವರ ಕೈಯಲ್ಲಿ ಪೆಟ್ಟು ತಿಂದವರಿಗೆ ಹೇಳಬೇಕಾಗಿಯೂ ಇಲ್ಲ. ಅವರ ಮನೆ ಹಳೆಯ ಬಾಗಲಕೋಟೆಯ ಮುಳುಗಿದ ಭಾಗದಲ್ಲಿತ್ತು. 2003ರಿಂದ 2006ರವರೆಗೆ ಅವರು ನನಗೆ 43 ಮಿಂಚಂಚೆಗಳನ್ನು ಬರೆದರು. ಪ್ರತಿಯೊಂದರಲ್ಲಿಯೂ ಊರಿನ ಒಂದು ತುಣುಕು. ಕಿಲ್ಲಾದಿಂದ ಹೊರಟು, ಎಡಗಡೆ ಯಾರ ಮನೆ, ಅದರ ಕಟ್ಟೆ ಎಷ್ಟು ಎತ್ತರ, ಆ ಕಟ್ಟೆಯ ಮೇಲೆ ಸಂಜೆ ಯಾರು ಕೂಡುತ್ತಿದ್ದರು, ಹೋಳಿಯ ಹಲಗೆ ಯಾವ ತಿರುವಿನಲ್ಲಿ ನಿಲ್ಲುತ್ತಿತ್ತು, ಯಾವ ಬಾವಿಯ ನೀರು ಸಿಹಿ, ಯಾವುದು ಸವುಳು. ಗಣಿತದವರಲ್ಲವೇ, ಹೆಜ್ಜೆಗಳನ್ನು ಎಣಿಸಿ ಬರೆಯುತ್ತಿದ್ದರು. 'ಬರಹ'ದಲ್ಲಿ ಟೈಪು ಮಾಡಿ, ಯೂನಿಕೋಡಿಗೆ ಪರಿವರ್ತಿಸಿ ಕಳಿಸುವುದನ್ನು ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ ಕಲಿತಿದ್ದರು. ಊರು ನೀರಿನಲ್ಲಿ ಇಲ್ಲವಾಗುತ್ತಿದ್ದಾಗ ಅವರು ಸಾವಿರಾರು ಮೈಲಿ ದೂರದಲ್ಲಿ ಕುಳಿತು ಅದರ ನಕ್ಷೆ ಬರೆಯುತ್ತಿದ್ದರು.

ನಾನು ಈ ಪತ್ರಗಳನ್ನು ಒಂದು ಉಚಿತ ಜಾಲಂಚೆಯಲ್ಲಿ ಇಟ್ಟುಕೊಂಡಿದ್ದೆ. 2006ರಲ್ಲಿ ನಾನು ಆಗ ಕೆಲಸದಲ್ಲಿದ್ದ ಶಾಲೆಯ ಕಚೇರಿಗೆ ಒಂದು ಗಣಕ ಬಂದಿತು. ರಜೆಗೆ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬನು, "ಸರ್, ಪ್ರತಿಸಲ ಕೆಫೆಗೆ ಯಾಕ ಹೊಕ್ಕೀರಿ, ಇಲ್ಲೇ ಹಚ್ಚಿ ಕೊಡ್ತೀನ್ರಿ" ಎಂದು ನನ್ನ ಖಾತೆಯನ್ನು ಔಟ್‌ಲುಕ್ ಎಕ್ಸ್‌ಪ್ರೆಸ್‌ಗೆ ಜೋಡಿಸಿಕೊಟ್ಟ. ಪಾಪ್ ವಿಧಾನ, ಬಾಗಿಲು 110. ಅರ್ಧ ಗಂಟೆಯಲ್ಲಿ ಎಲ್ಲ ಪತ್ರಗಳೂ ಇಳಿದು ಬಂದವು. ನನಗೆ ಹಿಡಿಸಲಾರದ ಸಂತೋಷ. ಖಾತೆಯ ವಿವರಗಳ ಕೊನೆಯ ಪುಟದಲ್ಲಿ ಒಂದು ಸಣ್ಣ ಚೌಕವಿತ್ತು: 'ಪತ್ರಗಳ ಪ್ರತಿಯನ್ನು ಸರ್ವರಿನಲ್ಲಿಯೂ ಉಳಿಸು' ಎಂಬ ಅರ್ಥದ್ದು. ಅದು ಮೊದಲಿನಿಂದಲೇ ಖಾಲಿಯಿರುತ್ತಿತ್ತು. ನಾವಾಗಿ ಗುರುತು ಹಾಕಬೇಕಿತ್ತು. ಹಾಕಲಿಲ್ಲ. ರೈತನು ಚೀಲಕ್ಕೆ ತುಂಬಿಕೊಂಡ, ಕಚೇರಿಯಲ್ಲಿ ಏನೂ ಉಳಿಯಲಿಲ್ಲ.

ಎರಡು ತಿಂಗಳ ತರುವಾಯ ಆ ಗಣಕಕ್ಕೆ ವೈರಸ್ ಹತ್ತಿತು. ದುರಸ್ತಿಗೆ ಬಂದವರು ಎಲ್ಲರೂ ಮಾಡುವಂತೆ ಅದನ್ನು ಫಾರ್ಮ್ಯಾಟ್ ಮಾಡಿ, ಹೊಸದಾಗಿ ವಿಂಡೋಸ್ ಹಾಕಿ ಕೊಟ್ಟರು. ಔಟ್‌ಲುಕ್ ಎಕ್ಸ್‌ಪ್ರೆಸ್ ಒಂದೊಂದು ಡಬ್ಬಿಯ ಪತ್ರಗಳನ್ನೆಲ್ಲ ಒಂದೇ ಕಡತದಲ್ಲಿ ಕಟ್ಟಿ, ಸಾಮಾನ್ಯರ ಕಣ್ಣಿಗೆ ಬೀಳದ ಅಡಗಿದ ಕೋಶದಲ್ಲಿ ಇಡುತ್ತಿತ್ತು. ಆ ಕಡತವನ್ನು ಬೇರೆ ಕಡೆ ನಕಲು ಮಾಡಿಕೊಳ್ಳಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ನನಗೇ ಗೊತ್ತಿರಲಿಲ್ಲ. ಮರುದಿನ ಸೈಬರ್ ಕೆಫೆಗೆ ಓಡಿ ಜಾಲಂಚೆಯನ್ನು ತೆರೆದು ನೋಡಿದೆ. ಒಳಡಬ್ಬಿ ಬರಿದಾಗಿತ್ತು. ಬಾದಾಮಿಯ ಮೂರನೆಯ ಗುಹೆಯ ಹತ್ತಿರ ಮಂಗಳೇಶನು ಹೂಮಾಲೆ ಕಟ್ಟುವವರಿಗೆ ಊರೊಂದನ್ನು ಬಿಟ್ಟುಕೊಟ್ಟದ್ದನ್ನು ಹೇಳುವ ಕನ್ನಡ ಶಾಸನವಿದೆ. ಸುಮಾರು 1400 ವರ್ಷಗಳಿಂದ ಬಿಸಿಲು ಮಳೆಯಲ್ಲಿ ನಿಂತಿದೆ. ನಿಮ್ಮನ್ನು ಪ್ರವಾಸಕ್ಕೆ ಕರೆದೊಯ್ದಾಗ ಅದನ್ನು ತೋರಿಸಿ ಭಾಷಣ ಮಾಡಿದವನು ನಾನೇ. ನನ್ನ ಪತ್ರಗಳು ಮೂರು ವರ್ಷವೂ ಬಾಳಲಿಲ್ಲ.

ಖಾತೆ ಜೋಡಿಸಿಕೊಟ್ಟ ಶಿಷ್ಯನು ಈ ಬರಹವನ್ನು ಓದುತ್ತಾನೆಂದು ನನಗೆ ಗೊತ್ತು. ಅವನಿಗೆ ಇಲ್ಲಿಯೇ ಹೇಳುತ್ತೇನೆ: ತಪ್ಪು ನಿನ್ನದಲ್ಲ. ನಿಜವಾದ ತಪ್ಪು ಆಮೇಲೆ ಆದದ್ದು, ಅದು ನನ್ನದು. ಪತ್ರಗಳು ಹೋದವೆಂದು ಮಾಸ್ತರರಿಗೆ ಒಂದು ಸಾಲು ಬರೆದಿದ್ದರೆ ಅವರು ತಾವು ಕಳಿಸಿದ ಪತ್ರಗಳ ಡಬ್ಬಿಯಿಂದ ಮತ್ತೊಮ್ಮೆ ಎಲ್ಲವನ್ನೂ ಕಳಿಸಿಕೊಡುತ್ತಿದ್ದರು. ನಾಚಿಕೆಯಿಂದ ಬರೆಯಲಿಲ್ಲ. ಇಂದು ಬರೆಯುವೆ, ನಾಳೆ ಬರೆಯುವೆ ಎಂದು ಮೂರು ವರ್ಷ ಕಳೆದೆ. ಅವರ ಕಣ್ಣು ಮಂಜಾಗಿ ಪತ್ರಗಳೂ ವಿರಳವಾದವು. 2009ರಲ್ಲಿ ಅವರು ತೀರಿಕೊಂಡರು. ಬಹುಕಾಲ ತೆರೆಯದೆ ಬಿಟ್ಟ ಉಚಿತ ಖಾತೆಗಳನ್ನು ಸೇವೆಯವರು ಅಳಿಸಿಬಿಡುವುದು ರೂಢಿ. ಅವರ ಮಗಳು ಪ್ರಯತ್ನಿಸುವ ಹೊತ್ತಿಗೆ ಆ ಖಾತೆಯೂ ಇರಲಿಲ್ಲ.

ಸಂಪೂರ್ಣ ನಾಶವಾಗಲಿಲ್ಲವೆಂಬುದು ಒಂದು ಸಮಾಧಾನ. ಪಾಪ್ ವಿಧಾನವು ಮುಟ್ಟುವುದು ಒಳಡಬ್ಬಿಯನ್ನು ಮಾತ್ರ. ಜಾಲತಾಣದಲ್ಲಿ ಕುಳಿತು ನಾನು ಕಳಿಸಿದ್ದ ಉತ್ತರಗಳು ಅಲ್ಲಿಯೇ ಬೇರೊಂದು ಡಬ್ಬಿಯಲ್ಲಿ ಇದ್ದವು. ಉತ್ತರ ಬರೆಯುವಾಗ ಮೂಲ ಪತ್ರವನ್ನು ಕೆಳಗೆ ಸೇರಿಸಿಬಿಡುವುದು ಆ ತಾಣದ ಅಭ್ಯಾಸ. ಅದನ್ನು ನಾನು ಯಾವಾಗಲೂ ಬೈಯುತ್ತಿದ್ದೆ. ಜಾಗ ತಿನ್ನುತ್ತದೆಂದು ಅನೇಕ ಸಲ ಅಳಿಸಿಯೂ ಕಳಿಸಿದ್ದೆ. ಅಳಿಸಲು ಸೋಮಾರಿತನ ಮಾಡಿದ ಕಡೆಗಳಲ್ಲಿ ಅವರ ಮಾತುಗಳು ಪ್ರತಿ ಸಾಲಿನ ಹಿಂದೆ ಬಾಣದ ಗುರುತು ಹೊತ್ತು ಉಳಿದಿದ್ದವು. ಹೀಗೆ 11 ಪತ್ರಗಳು ಸಿಕ್ಕವು. ಕಿಲ್ಲಾದ ಒಂದು ಭಾಗ, ವೆಂಕಟಪೇಟೆಯ ತುಸು ಭಾಗ, ಹೋಳಿಯ ಎರಡು ಪತ್ರ, ಮತ್ತು ತಮ್ಮ ಮನೆಯ ಸಾಮಾನು ಕಟ್ಟಿದ ಕೊನೆಯ ದಿನದ ಒಂದು ಪತ್ರ. ಉಳಿದ 32ರಲ್ಲಿ ಏನಿತ್ತೆಂದು ನೆನಪಿನಿಂದ ಬರೆಯಲು ಹೋಗಿ ಬಿಟ್ಟುಕೊಟ್ಟಿದ್ದೇನೆ. ಅವರು ಎಣಿಸಿದ ಹೆಜ್ಜೆಗಳು ನನಗೆ ನೆನಪಿಲ್ಲ.

ಅಂದಿನಿಂದ ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಖಾತೆ ಜಾಲತಾಣದಲ್ಲಿರುತ್ತದೆ, ಐಮ್ಯಾಪ್ ಮೂಲಕ ಥಂಡರ್‌ಬರ್ಡ್‌ಗೆ ಜೋಡಿಸಿರುತ್ತೇನೆ, ಮುಖ್ಯ ಪತ್ರಗಳನ್ನು ಅದರೊಳಗಿನ 'ಸ್ಥಳೀಯ ಕೋಶ'ಕ್ಕೂ ನಕಲು ಮಾಡುತ್ತೇನೆ. ಐಮ್ಯಾಪ್ ಇದ್ದರೆ ಸಾಕಲ್ಲ ಎಂದು ಕೇಳುವವರಿಗೆ ಒಂದು ಮಾತು: ಐಮ್ಯಾಪ್ ಎಂಬುದು ಕನ್ನಡಿಯಿದ್ದಂತೆ, ಅಲ್ಲಿ ಅಳಿಸಿದರೆ ಇಲ್ಲಿಯೂ ಅಳಿಯುತ್ತದೆ. ಆದ್ದರಿಂದ ಸ್ಥಳೀಯ ಕೋಶ. ಅದು ಪತ್ರಗಳನ್ನು ಸರಳ ಪಠ್ಯದ ಕಡತದಲ್ಲಿ ಇಡುತ್ತದೆ. ಆ ಕಡತವನ್ನು ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಹಾಕುತ್ತೇನೆ.

ಈ ಕೊಂಡಿಯನ್ನು ಉಳಿಸಿಕೊಳ್ಳುವುದೂ ಸುಲಭವಾಗಿಲ್ಲ. 2022ರ ಮೇ 30ರಂದು ಒಂದು ಬೆಳಿಗ್ಗೆ ನನ್ನ ಗುಪ್ತಪದ ಸರಿಯಿದ್ದರೂ ತಪ್ಪೆಂದು ಹೇಳತೊಡಗಿತು. ಬರಿಯ ಗುಪ್ತಪದದಿಂದ ಹೊರಗಿನ ತಂತ್ರಾಂಶಗಳು ಒಳಬರುವುದನ್ನು ಗೂಗಲ್ ಅಂದಿನಿಂದ ವೈಯಕ್ತಿಕ ಖಾತೆಗಳಿಗೆ ನಿಲ್ಲಿಸಿತ್ತು. ಮೈಕ್ರೋಸಾಫ್ಟ್ ಕೂಡ ತನ್ನ ಉಚಿತ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಿಂದ ಹಾಗೆಯೇ ಮಾಡಿತು. ಕಾರಣ ನ್ಯಾಯವಾದದ್ದೇ. ಮೊದಲು ನಾವು ಮನೆಯ ಬೀಗದ ಕೈಯನ್ನೇ ತಂತ್ರಾಂಶದ ಕೈಗೆ ಕೊಟ್ಟುಬಿಡುತ್ತಿದ್ದೆವು. ಈಗ ಓಆಥ್ ಎಂಬ ಕ್ರಮದಲ್ಲಿ, ನಾವು ಸೇವೆಯವರ ಪುಟದಲ್ಲಿಯೇ ಗುರುತು ತೋರಿಸಿದರೆ ಅವರು ತಂತ್ರಾಂಶಕ್ಕೆ ಒಂದು ಚೀಟಿ ಕೊಡುತ್ತಾರೆ. ಆ ಚೀಟಿಯಿಂದ ಅಂಚೆಯ ಕಪಾಟು ಮಾತ್ರ ತೆರೆಯುತ್ತದೆ, ಬೇಡವೆಂದಾಗ ಚೀಟಿಯನ್ನು ಹರಿದುಹಾಕಬಹುದು. ಇದನ್ನು ಅರಿಯದ ಹಳೆಯ ತಂತ್ರಾಂಶಗಳಿದ್ದರೆ, ಗೂಗಲ್ ಖಾತೆಯಲ್ಲಿ ಎರಡು ಹಂತದ ಪರಿಶೀಲನೆಯನ್ನು ಜಾರಿಗೊಳಿಸಿ, ಅದಕ್ಕೆಂದೇ 16 ಅಕ್ಷರಗಳ ಪ್ರತ್ಯೇಕ ಗುಪ್ತಪದವನ್ನು ಪಡೆಯಬೇಕು. ನಿಮ್ಮಲ್ಲಿ ಯಾರ ಮನೆಯ ಹಿರಿಯರಾದರೂ ಅಂಚೆ ಬರುತ್ತಿಲ್ಲವೆಂದು ಕೊರಗುತ್ತಿದ್ದರೆ ಮೊದಲು ಇದನ್ನು ನೋಡಿರಿ.

ಆ ಭಾನುವಾರ ಎಲ್ಲವನ್ನೂ ಜೋಡಿಸಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಪೆನ್‌ಡ್ರೈವಿನಿಂದ ಹಳೆಯ ಕಡತವನ್ನು ತಂದಿಟ್ಟೆ. 11 ಪತ್ರಗಳೂ ಬಂದು ಕುಳಿತವು. ಪರೀಕ್ಷೆಗೆಂದು ಅವುಗಳಲ್ಲಿ ಒಂದನ್ನು ಮಾಸ್ತರರ ಮಗಳಿಗೆ ಕಳಿಸಿದೆ. 587ನೆಯ ಬಾಗಿಲಿನಿಂದ ಹೊರಟ ಪತ್ರ ಸುಖವಾಗಿ ತಲುಪಿತೆಂದು ಸಂಜೆಗೆ ಉತ್ತರ ಬಂದಿತು. ಉಳಿದ ಹತ್ತನ್ನೂ ಕಳಿಸಿರೆಂದು ಕೇಳಿದ್ದಾರೆ, ಈ ಪುಟದಲ್ಲಿ ಹಾಕಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಮುಂದಿನ ಸಲ ಹೋಳಿಯ ಪತ್ರದಿಂದ ಆರಂಭಿಸುವೆ. ಹಳೆಯ ಬಾಗಲಕೋಟೆಯವರು ಯಾರಾದರೂ ಅವರಿಂದ ಮಿಂಚಂಚೆ ಪಡೆದಿದ್ದರೆ, ದಯವಿಟ್ಟು ಒಮ್ಮೆ ನಿಮ್ಮ ಹಳೆಯ ಡಬ್ಬಿಗಳನ್ನು, ಕಳಿಸಿದ ಪತ್ರಗಳ ಡಬ್ಬಿಯನ್ನೂ ಸೇರಿಸಿ, ತೆರೆದು ನೋಡಿರಿ.